ಗುರು ಹೊರಟ ಮೇಲೆ ಪದ ಯಾರದು

ಶಾಲೆಯ ಸಂಗೀತ ಬಳಗವನ್ನು ಕಟ್ಟಿ ಬೆಳೆಸಿದ ಶಿಕ್ಷಕ ವರ್ಗಾವಣೆಯಾಗಿಯೋ ನಿವೃತ್ತಿಯಾಗಿಯೋ ಹೊರಡುವಾಗ ಧರ್ಮಚಿಂತನೆಯ ಒಂದು ಹಳೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಕಲಿಸಿದವನು ಹೋದರೆ ಹಾಡು ಉಳಿಯುತ್ತದೆಯೇ? ಉಳಿದರೆ ಅದು ಯಾರದು? ಗುರು ಎಂದರೆ ಆ ಮನುಷ್ಯನೋ, ಅವನ ಮೂಲಕ ಬಂದ ಅರಿವೋ? ಸುರಪುರ ಸೀಮೆಯ ದೇವಾಪುರಕ್ಕೆ ಈ ಪ್ರಶ್ನೆ ಹೊಸದೇನಲ್ಲ. ಕೃಷ್ಣೆಯ ದಂಡೆಗೆ ತಿಂಥಣಿಯ ಮೌನೇಶ್ವರ, ಇತ್ತ ಕೊಡೇಕಲ್ಲ ಬಸವಣ್ಣ. ಗುರು ಕಣ್ಮರೆಯಾಗಿ ಶತಮಾನಗಳು ಕಳೆದರೂ ಅವರ ಹೆಸರೆತ್ತಿ ಹಾಡುವುದನ್ನು ಬಿಡದ ನೆಲ ಇದು. ಜೈಮಿನಿ ಭಾರತದ ಲಕ್ಷ್ಮೀಶ ಹೇಳುವ ದೇವಪುರ ಇದೇ ಎಂಬ ವಾದವೂ ಉಂಟು. ಕಡೂರು ತಾಲ್ಲೂಕಿನ ದೇವನೂರೆಂಬ ಮತಕ್ಕೇ ಹೆಚ್ಚು ಮನ್ನಣೆಯಿದೆ. ಆದರೆ ಆ ಷಟ್ಪದಿಗಳನ್ನು ರಾಗವಾಗಿ ಓದಿಕೊಂಡು ಬಂದ ಹಳ್ಳಿಗರು ಕವಿಯ ಊರು ತೀರ್ಮಾನವಾಗಲೆಂದು ಕಾದು ಕೂತವರಲ್ಲ.

ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ಈ ವಿಚಾರಕ್ಕೆ ಹಳೆಯ ಆಧಾರ. ಶಾಂತಿಮಂತ್ರ ಮುಗಿದೊಡನೆ ಅದು ಎತ್ತಿಕೊಳ್ಳುವುದು ಉಚ್ಚಾರದ ಪಾಠವನ್ನು: ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ. ಮುಂದೆ ಆಚಾರ್ಯನನ್ನು ಪೂರ್ವರೂಪವೆಂದೂ ಶಿಷ್ಯನನ್ನು ಉತ್ತರರೂಪವೆಂದೂ ಕರೆದು, ವಿದ್ಯೆಯನ್ನು ಇಬ್ಬರ ನಡುವಣ ಸಂಧಿಯಾಗಿ ಕಾಣುತ್ತದೆ. ಹಾಗೆ ನೋಡಿದರೆ ವಿದ್ಯೆ ಒಬ್ಬನ ಸೊತ್ತಾಗಿರಲು ಸಾಧ್ಯವೇ ಇಲ್ಲ. ಇದೇ ವಲ್ಲಿಯ ಹನ್ನೊಂದನೆಯ ಅನುವಾಕ ಪಾಠ ಮುಗಿಸಿದ ಶಿಷ್ಯನನ್ನು ಕಳಿಸಿಕೊಡುವ ಮಾತು. ಕಲಿಯುವುದನ್ನೂ ಕಲಿಸುವುದನ್ನೂ ಬಿಡಬೇಡ ಎನ್ನುವ ಗುರು, ನಮ್ಮ ಒಳ್ಳೆಯ ನಡತೆಯನ್ನು ಮಾತ್ರ ಅನುಸರಿಸು, ಉಳಿದದ್ದನ್ನು ಬಿಡು ಎಂದೂ ಹೇಳುತ್ತಾನೆ. ಸಂಗೀತದವರಿಗೆ ಈ ಎರಡನೆಯ ಮಾತು ಹೆಚ್ಚು ಬೇಕು. ಗುರುವಿನ ತಾನಿನ ಜೊತೆಗೆ ಅವರ ಕೆಮ್ಮನ್ನೂ ಕಲಿತು ಬರುವ ಶಿಷ್ಯರಿಗೇನೂ ಕೊರತೆಯಿಲ್ಲ.

ಶಹಾಪುರದ ಗುಡ್ಡಗಳ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಶಿಲ್ಪಗಳಲ್ಲಿ ಮಲಗಿದ ಬುದ್ಧ ಸಾಮಾನ್ಯವಾಗಿ ಮಹಾಪರಿನಿರ್ವಾಣದ ಬುದ್ಧ, ಎಂದರೆ ಶಿಷ್ಯರನ್ನು ಬಿಟ್ಟು ಹೊರಟ ಗುರು. ಪಾಲಿ ಗ್ರಂಥದ ಪ್ರಕಾರ, ತಾನಿಲ್ಲದಾಗ ಗುರುವಿಲ್ಲವೆಂದು ತಿಳಿಯಬೇಡಿ, ಧಮ್ಮ ಮತ್ತು ವಿನಯವೇ ನಿಮ್ಮ ಗುರು ಎಂದು ಅವನು ಆನಂದನಿಗೆ ಹೇಳಿದ. ಭೀಮೆಯ ದಂಡೆಯ ಸನ್ನತಿ, ಕನಗನಹಳ್ಳಿಗಳಲ್ಲಿ ಸಿಕ್ಕ ಸ್ತೂಪದ ಅವಶೇಷಗಳನ್ನು ನೋಡಿದರೆ, ಈ ಮಾತನ್ನು ನಂಬಿ ಬಾಳಿದವರು ಈ ಸೀಮೆಯಲ್ಲೂ ಇದ್ದರೆಂಬುದು ಸ್ಪಷ್ಟ.

ಶರಣರ ದಾರಿ ಬೇರೆ. ದೀಕ್ಷೆಯಲ್ಲಿ ಗುರು ಇಷ್ಟಲಿಂಗವನ್ನು ಶಿಷ್ಯನ ಅಂಗೈಗೆ ಕೊಡುತ್ತಾನೆ. ಅಂದಿನಿಂದ ಪೂಜೆ ಶಿಷ್ಯನದೇ, ನಡುವೆ ಇನ್ನೊಬ್ಬರಿಲ್ಲ. ಕೊಟ್ಟು ಸರಿಯುವುದು ಇಲ್ಲಿ ಗುರುವಿನ ಕೆಲಸದ ಭಾಗ. ತತ್ವಪದಕಾರರು ಇದನ್ನು ಹಾಡಿನೊಳಕ್ಕೇ ತಂದರು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪ ತನ್ನ ಪದಗಳ ಕೊನೆಗೆ ಗುರು ಮಹಾಂತನ ಹೆಸರನ್ನು ಅಂಕಿತವಾಗಿಟ್ಟ. ಅವನ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬನೂ ಇದ್ದ, ಖೈನೂರ ಕೃಷ್ಣಪ್ಪನೂ ಇದ್ದ. ಜಾತಿ, ಮತ ಯಾವುದೂ ಅಡ್ಡ ಬರಲಿಲ್ಲ. ಏಕತಾರಿ, ತಾಳ ಹಿಡಿದು ಕೂಡುವ ಭಜನಾ ಮಂಡಳಿಗೆ ಹಾಜರಿ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಆದರೂ ಪದ ಸಾಯಲಿಲ್ಲ. ಒಬ್ಬ ಎತ್ತಿಕೊಟ್ಟರೆ ಉಳಿದವರು ಹಿಡಿಯುವುದೇ ಅಲ್ಲಿನ ಪದ್ಧತಿ. ಹರಿದಾಸರಲ್ಲಿ ಅಂಕಿತ ಇನ್ನೊಂದು ಬಗೆಯದು. ವಿಜಯದಾಸರು ಶಿಷ್ಯನಿಗೆ ಗೋಪಾಲವಿಠಲ ಎಂಬ ಅಂಕಿತ ಕೊಟ್ಟರು; ಆ ಗೋಪಾಲದಾಸರ ಶಿಷ್ಯರಾದ ಮಾನ್ವಿಯ ಜಗನ್ನಾಥದಾಸರು ಜಗನ್ನಾಥವಿಠಲ ಎಂಬ ಅಂಕಿತದಲ್ಲಿ ಹಾಡಿದರು. ಅಂಕಿತ ಪಡೆದವನಿಗೆ ಸ್ವಂತ ಹಾಡು ಕಟ್ಟುವ ಹಕ್ಕು. ಗುರು ಬದುಕಿದ್ದಾಗಲೇ ನಡೆಯುವ ಬಿಡುಗಡೆ ಅದು.

ಆದರೆ ಸಂಗೀತಕ್ಕೆ ಒಂದು ತೊಡಕಿದೆ. ಪದದ ಸಾಹಿತ್ಯವನ್ನು ವಹಿಯಲ್ಲಿ ಬರೆದಿಡಬಹುದು. ಸ್ವರ ಹಚ್ಚುವ ಬಗೆ, ಉಸಿರು, ಲಯದ ಹದ ಬರೆಹಕ್ಕೆ ಸಿಕ್ಕುವುದಿಲ್ಲ. ಅವು ಕಂಠದಿಂದ ಕಂಠಕ್ಕೇ ದಾಟಬೇಕು. ಇದಕ್ಕೆ ಕನ್ನಡ ನಾಡಿನ ದೊಡ್ಡ ನಿದರ್ಶನ ಗದಗಿನ ವೀರೇಶ್ವರ ಪುಣ್ಯಾಶ್ರಮ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (1892-1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಅಂಧರಿಗೂ ಬಡ ಮಕ್ಕಳಿಗೂ ಅನ್ನವಿಟ್ಟು ಸಂಗೀತ ಕಲಿಸಿದರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆದಾಗ ಶಿಷ್ಯ ಬಸವರಾಜ ರಾಜಗುರು ಹಾಡಿದರು, ಗುರು ತಬಲಾ ನುಡಿಸಿದರು. ಹಾಡುವ ಜಾಗವನ್ನು ಶಿಷ್ಯನಿಗೆ ಬಿಟ್ಟು ಲಯ ಹಿಡಿಯಲು ಕುಳಿತ ಗುರು ಅಗಲಿಕೆಯ ತಯಾರಿಯನ್ನು ಎಂಟು ವರ್ಷ ಮೊದಲೇ ಮಾಡಿಕೊಟ್ಟಂತಾಯಿತು. 1944ರಲ್ಲಿ ಆಶ್ರಮದ ಹೊಣೆ ಪುಟ್ಟರಾಜ ಗವಾಯಿಗಳಿಗೆ ಬಂತು. 2010ರಲ್ಲಿ ಅವರು ತೀರಿಕೊಂಡ ಮೇಲೂ ಪಾಠ ನಿಲ್ಲಲಿಲ್ಲ. ಗುರು ನಡುವೆಯೇ ಹೋದರೂ ಎಳೆ ಕಡಿಯಬೇಕೆಂದಿಲ್ಲ. ಗಾಯಕ ಮಲ್ಲಿಕಾರ್ಜುನ ಮನಸೂರರ ಗುರು ಮಂಜೀಖಾನರು 1937ರಲ್ಲಿ ತೀರಿಕೊಂಡಾಗ ಶಿಷ್ಯನ ತಾಲೀಮನ್ನು ಮಂಜೀಖಾನರ ತಮ್ಮ ಭೂರ್ಜೀಖಾನರು ಮುಂದುವರಿಸಿದರು.

ಸರಕಾರಿ ಶಾಲೆಯ ಬಳಗಕ್ಕೆ ಆಶ್ರಮದ ಬಲವೂ ಇಲ್ಲ, ಘರಾಣೆಯ ಬಲವೂ ಇಲ್ಲ. ಮಕ್ಕಳೂ ತರಗತಿ ಮುಗಿಸಿ ಹೋಗುವವರೇ. ಪೇಟಿ ಬಾರಿಸುವ ಮಾಸ್ತರರು ಹೋದರೆ ಆ ಜಾಗಕ್ಕೆ ಪೇಟಿ ಬಲ್ಲವರೇ ಬರುವರೆಂಬ ಭರವಸೆ ಇರುವುದಿಲ್ಲ. ಆದ್ದರಿಂದ ಇಲ್ಲಿ ಬೀಳ್ಕೊಡುಗೆಯ ರೀತಿಗೆ ತೂಕ ಹೆಚ್ಚು. ಈಗಿನ ಸಮಾರಂಭದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ, ಫೋಟೋ ಎಲ್ಲವೂ ವ್ಯಕ್ತಿಗೆ ಸಲ್ಲುತ್ತವೆ. ಅದರಲ್ಲಿ ತಪ್ಪೇನಿಲ್ಲ, ಪ್ರೀತಿಗೂ ಒಂದು ದಾರಿ ಬೇಕು. ಆದರೆ ಮೇಲೆ ಹೇಳಿದ ಯಾವ ಪರಂಪರೆಯೂ ಅಷ್ಟಕ್ಕೆ ನಿಲ್ಲಲಿಲ್ಲ. ಹೊರಡುವ ಮೊದಲೇ ಮೇಲಿನ ತರಗತಿಯ ಮಕ್ಕಳು ಕೆಳಗಿನವರಿಗೆ ಹೇಳಿಕೊಡುವ ರೂಢಿ ಬೀಳಬೇಕು, ಶ್ರುತಿ ಹಿಡಿಯಲು ಇಬ್ಬರಿಗಾದರೂ ಬರಬೇಕು, ಪದಗಳ ವಹಿ ಮಕ್ಕಳ ಕೈಯಲ್ಲಿರಬೇಕು. ಬೀಳ್ಕೊಡುಗೆಯ ದಿನ ಪ್ರಾರ್ಥನೆಯನ್ನು ಮಕ್ಕಳೇ ಎತ್ತಿಕೊಳ್ಳಲಿ. ಮಾಸ್ತರರು ತಬಲಾಕ್ಕೆ ಕೂಡಲಿ.