ಏನೂ ಆಗದೆ ಹೋದ ದಿನ

1999ನೆಯ ಇಸವಿಯ ಡಿಸೆಂಬರ್ ತಿಂಗಳ ಕೊನೆಯ ದಿನಗಳು. ಇಂದು ಮೆಟ್ರೋ ನಿಲ್ದಾಣವಿರುವ ನಮ್ಮ ಗರುಡಾಚಾರ್‌ಪಾಳ್ಯದಲ್ಲಿ ಧನುರ್ಮಾಸದ ಪೂಜೆ ನಡೆಯುತ್ತಿತ್ತು. ನಾವಾಗ ಬಾಲಕರು. ಹುಗ್ಗಿಯ ಪ್ರಸಾದಕ್ಕೆ ಕೈಯೊಡ್ಡಿದ್ದ ವೃದ್ಧರೊಬ್ಬರು ನಮ್ಮ ತೀರ್ಥರೂಪರನ್ನು ಕೇಳಿದರು: “ಆಚಾರ್ಯರೇ, ಒಂದನೇ ತಾರೀಖು ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವಂತೆ. ಬ್ಯಾಂಕಿನಲ್ಲಿಟ್ಟ ನನ್ನ ದುಡ್ಡಿನ ಗತಿಯೇನು?”

“ಪಾಸ್‌ಬುಕ್ಕಿನಲ್ಲಿ ಬರೆಸಿಟ್ಟುಕೊಳ್ಳಿ ರಾಯರೇ. ಬೆಳಗಿನ ಪೂಜೆಗೆ ಮಾತ್ರ ತಪ್ಪಿಸಬೇಡಿ” ಎಂದರು ತೀರ್ಥರೂಪರು.

ಜನವರಿ 1, ಶನಿವಾರ, ಎಂದಿನಂತೆ ಬೆಳಗಾಯಿತು. ವಿದ್ಯುತ್ತು ಹೋಗಲಿಲ್ಲ, ದುಡ್ಡೂ ಹೋಗಲಿಲ್ಲ. ವೈಟುಕೆ ಎಂಬುದು ಬರಿಯ ಗುಲ್ಲು ಎಂಬ ಮಾತನ್ನು ಅಂದಿನಿಂದಲೂ ಕೇಳುತ್ತಿದ್ದೇವೆ. ಈ ಮಾತು ನ್ಯಾಯವೇ?

ಗಣಕಯಂತ್ರದ ಸ್ಮೃತಿಕೋಶವು ಬಹು ದುಬಾರಿಯಾಗಿದ್ದ 1960ರ ದಶಕದಲ್ಲಿ ಇಸವಿಯ ಕೊನೆಯ ಎರಡಂಕಿಗಳನ್ನಷ್ಟೇ ಬರೆಯುವುದು ರೂಢಿಯಾಯಿತು. 85 ಎಂದರೆ 1985. ಹಾಗಾದರೆ 00 ಎಂದರೆ? ಯಂತ್ರಕ್ಕೆ ಅದು 1900. ನಮ್ಮಲ್ಲಿಯೂ ಈ ತೊಡಕು ಇಲ್ಲದಿಲ್ಲ. ಪ್ರಮಾಥಿ ಸಂವತ್ಸರವೆಂದು ಮಾತ್ರ ಬರೆದರೆ ಅದು 1999ರದೋ, 60 ವರ್ಷ ಹಿಂದಿನದೋ ತಿಳಿಯದು. ಶಕವರ್ಷವಿಲ್ಲದ ಶಾಸನಗಳ ಕಾಲನಿರ್ಣಯದಲ್ಲಿ ವಿದ್ವಾಂಸರು ಪಡುವ ಪಾಡೂ ಇದೇ. ಸಂಕಲ್ಪದಲ್ಲಿ ಕಲ್ಪ, ಮನ್ವಂತರ, ಯುಗ, ಶಕಗಳನ್ನು ಹೇಳಿಯೇ ಸಂವತ್ಸರಕ್ಕೆ ಬರುತ್ತೇವೆ, ಶಕವರ್ಷದ ಸಂಖ್ಯೆಯನ್ನೂ ಹೇಳಿದರೆ ಈ ಸಂದೇಹಕ್ಕೆ ಎಡೆಯಿರದು. ಹಾಗೆಂದು ಬೀಗಬೇಕಾಗಿಲ್ಲ, ಅವಸರದಲ್ಲಿ ಸಂಕಲ್ಪವನ್ನು ಮೊಟಕುಗೊಳಿಸುವ ಪುರೋಹಿತರನ್ನೂ ಯಜಮಾನರನ್ನೂ ನಾವು ಬಲ್ಲೆವು.

1962ರ ಫೆಬ್ರವರಿಯಲ್ಲಿ ಮಕರರಾಶಿಯಲ್ಲಿ ಅಷ್ಟಗ್ರಹಗಳು ಕೂಡಿದಾಗಲೂ ದೇಶದಲ್ಲಿ ಇಂಥದೇ ಭಯ ಹಬ್ಬಿತ್ತು. ಪ್ರಳಯವಾಗಲಿಲ್ಲ. ಎರಡೂ ಒಂದೇ ಎನ್ನುವವರುಂಟು. ನಮಗೆ ಹಾಗೆ ತೋರದು. ಗ್ರಹಗಳ ಗತಿಯನ್ನು ತಿದ್ದುವುದು ಮನುಷ್ಯನ ಕೈಯಲ್ಲಿರಲಿಲ್ಲ. ಎರಡಂಕಿಯ ದೋಷವಾದರೋ ಮನುಷ್ಯಕೃತ. ಮನುಷ್ಯನೇ ತಿದ್ದಬೇಕಾಗಿತ್ತು, ತಿದ್ದಿದನು. ಇನ್ಫೋಸಿಸ್, ವಿಪ್ರೋ ಮೊದಲಾದ ಬೆಂಗಳೂರಿನ ಸಂಸ್ಥೆಗಳ ತರುಣ ತರುಣಿಯರು ಕೋಬಾಲ್ ಮುಂತಾದ ಹಳೆಯ ಗಣಕಭಾಷೆಗಳಲ್ಲಿ ಬೇರೆ ಯಾರೋ ಎಂದೋ ಬರೆದ ಸಾಲುಗಳನ್ನು ಓದಿ, ದಿನಾಂಕ ಅಡಗಿದ್ದ ಎಡೆಗಳನ್ನು ಹುಡುಕಿ ಸರಿಪಡಿಸಿದರು. ದೋಷ ಅವರದಲ್ಲ, ಶ್ರಮ ಅವರದು. ಸೇತುವೆ ಕಟ್ಟಿದವನಿಗೆ ತೋರಿಸಲು ಸೇತುವೆಯಿದೆ. ಇವರಿಗೆ ತೋರಿಸಲು ಏನಿದೆ? ಕೆಲಸ ಕೈಗೂಡಿದಷ್ಟೂ ಅದು ಅನಾವಶ್ಯಕವಾಗಿತ್ತೆಂದೇ ಲೋಕಕ್ಕೆ ತೋರಿತು.

ಭಯವನ್ನು ಮಾರಿ ಹಣ ಮಾಡಿದವರಿದ್ದರು, ಹೆಚ್ಚು ವೆಚ್ಚ ಮಾಡದ ದೇಶಗಳೂ ಪಾರಾದವು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ತಿದ್ದದೆ ಉಳಿದ ಕಡೆ ಏನಾಯಿತೆಂಬುದನ್ನೂ ನೋಡಬೇಕು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 2000ದ ಮೊದಲ ತಿಂಗಳುಗಳಲ್ಲಿ, ಗರ್ಭಸ್ಥ ಶಿಶುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವವನ್ನು ಲೆಕ್ಕ ಹಾಕುವ ಗಣಕಯಂತ್ರವು ತಾಯಂದಿರ ವಯಸ್ಸನ್ನೇ ತಪ್ಪಾಗಿ ಎಣಿಸಿತು. 150ಕ್ಕೂ ಹೆಚ್ಚು ಗರ್ಭಿಣಿಯರಿಗೆ ತಪ್ಪು ವರದಿ ಹೋಯಿತು. ಎರಡಂಕಿಗಳ ಉಳಿತಾಯದ ಬೆಲೆಯನ್ನು ತೆತ್ತವರು, ಅದನ್ನು ಉಳಿಸಿದವರ ಹೆಸರನ್ನೂ ಕೇಳದ ಈ ತಾಯಂದಿರು.

ಈ ಬಗೆಯ ಬಾಕಿ ಇನ್ನೊಂದಿದೆ. 1970ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದ ಹಳೆಯ ಯಂತ್ರಗಳ ಲೆಕ್ಕದ ಪಾತ್ರೆಯು 2038ರ ಜನವರಿ 19ರಂದು ತುಂಬಿ ತುಳುಕುತ್ತದೆ. ಅದು ಪಿಂಗಳ ಸಂವತ್ಸರ. ತಿದ್ದುವ ಕಾರ್ಯ ಈಗಾಗಲೇ ನಡೆದಿದೆ. ನಮ್ಮ ದೇವಾಲಯಕ್ಕೆ ಶನಿವಾರ ಬರುವ, ವೈಟ್‌ಫೀಲ್ಡಿನಲ್ಲಿ ಉದ್ಯೋಗದಲ್ಲಿರುವ ತರುಣರೊಬ್ಬರು ಅದೇ ಕೆಲಸದಲ್ಲಿದ್ದಾರೆ. ಏನು ಕೆಲಸವೆಂದು ಅವರ ಮಾತೃಶ್ರೀಯವರನ್ನು ಕೇಳಿದೆವು. “ಏನೋ ಹಳೇ ಲೆಕ್ಕ ಸರಿ ಮಾಡ್ತಾನಂತೆ, ಆಚಾರ್ಯರೇ” ಎಂದರು.