ಜೋಸೆಫರ ಕೈಯಲ್ಲಿ ಕಾಗದಪತ್ರವಿತ್ತೇ?



ಪ್ರತಿ ಕ್ರಿಸ್‌ಮಸ್‌ಗೆ ಗೋದಲಿ ಕಟ್ಟುವ ನಾವು ಮೂವರು ಜ್ಞಾನಿಗಳ ಒಂಟೆಗಳವರೆಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಇಡುತ್ತೇವೆ. ಅವರು ಹೊರಟುಹೋದ ಮೇಲೆ ನಡೆದುದನ್ನು ಮಾತ್ರ ಯಾವ ಗೋದಲಿಯಲ್ಲೂ ನಾನು ಕಂಡಿಲ್ಲ. ಹೆರೋದನು ಮಗುವನ್ನು ಕೊಲ್ಲಲು ಹುಡುಕುತ್ತಾನೆಂದು ದೇವದೂತನು ಕನಸಿನಲ್ಲಿ ತಿಳಿಸಿದಾಗ ಸಂತ ಜೋಸೆಫರು ಬೆಳಗಾಗುವವರೆಗೆ ಕಾಯಲಿಲ್ಲ. ಕೂಸನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರಿಯಲ್ಲೇ ಈಜಿಪ್ಟಿನ ಹಾದಿ ಹಿಡಿದರು. ಈಜಿಪ್ಟ್ ಆಗ ರೋಮನರ ಪ್ರಾಂತ. ಹೆರೋದನ ಅಧಿಕಾರ ಅಲ್ಲಿ ನಡೆಯುತ್ತಿರಲಿಲ್ಲ. ಗಡಿ ದಾಟಿದ್ದರಿಂದಲೇ ನಮ್ಮ ಉದ್ಧಾರಕರ ಪ್ರಾಣ ಉಳಿಯಿತು. ಅಲ್ಲಿ ಅವರಿಗೆ ಸೂರು ಕೊಟ್ಟವರು ಯಾರು, ಜೋಸೆಫರಿಗೆ ಕೆಲಸ ಕೊಟ್ಟವರು ಯಾರು ಎಂದು ಮತ್ತಾಯನು ಬರೆದಿಲ್ಲ. ಯಾರೋ ಕೊಟ್ಟಿರಲೇಬೇಕು.

ಎರಡನೆಯ ಮಹಾಯುದ್ಧದಲ್ಲಿ ನೆಲೆ ತಪ್ಪಿದ ಲಕ್ಷಾಂತರ ಜನರನ್ನು ಕಂಡಿದ್ದ ಪೋಪ್ 12ನೇ ಪಯಸ್‌ರವರು, 1952ರಲ್ಲಿ ವಲಸಿಗರ ಕುರಿತು ಹೊರಡಿಸಿದ ಪತ್ರವನ್ನು ಈ ಘಟನೆಯಿಂದಲೇ ಆರಂಭಿಸಿದರು. ನಿರಾಶ್ರಿತ ಕುಟುಂಬಗಳಿಗೆಲ್ಲ ನಜರೇತಿನ ಪವಿತ್ರ ಕುಟುಂಬವೇ ಮಾದರಿಯೆಂದರು.

2013ರ ಮಾರ್ಚ್‌ನಲ್ಲಿ ಆಯ್ಕೆಯಾದ ಪೋಪ್ ಫ್ರಾನ್ಸಿಸ್‌ರವರು ರೋಮಿನ ಹೊರಗೆ ಕೈಗೊಂಡ ಮೊದಲ ಭೇಟಿ ಲಾಂಪೆದೂಸಾ ಎಂಬ ಪುಟ್ಟ ದ್ವೀಪಕ್ಕೆ. ಇಟಲಿಗೆ ಸೇರಿದ್ದರೂ ಅದು ಸಿಸಿಲಿಗಿಂತ ಆಫ್ರಿಕಾದ ಟ್ಯುನೀಸಿಯಾಕ್ಕೇ ಹತ್ತಿರ. ಜುಲೈ 8ರಂದು ಅವರು ಮುಳುಗಿ ಸತ್ತವರಿಗಾಗಿ ಸಮುದ್ರಕ್ಕೆ ಹೂಮಾಲೆ ಹಾಕಿ, ಪಶ್ಚಾತ್ತಾಪದ ನೇರಳೆ ವಸ್ತ್ರ ಧರಿಸಿ ಬಲಿಪೂಜೆ ಅರ್ಪಿಸಿದರು. ಪಾನಪಾತ್ರೆಯನ್ನು ಒಡೆದ ದೋಣಿಗಳ ಮರದಿಂದಲೇ ಮಾಡಲಾಗಿತ್ತು. ಮೂರು ತಿಂಗಳೂ ತುಂಬಲಿಲ್ಲ. ಅಕ್ಟೋಬರ್ 3ರಂದು ಅದೇ ದ್ವೀಪದ ಬಳಿ ಐನೂರಕ್ಕೂ ಹೆಚ್ಚು ಜನರಿದ್ದ ದೋಣಿಯೊಂದು ಹೊತ್ತಿ ಮುಳುಗಿತು. ಸಹಾಯಕ್ಕೆ ಸನ್ನೆ ಮಾಡಲೆಂದು ಯಾರೋ ಕಂಬಳಿಗೆ ಬೆಂಕಿ ಹಚ್ಚಿದ್ದರು. ಸತ್ತವರು 368 ಮಂದಿ, ಹೆಚ್ಚಿನವರು ಎರಿಟ್ರಿಯಾದವರು. 2014ರಿಂದೀಚೆಗೆ ಆ ಸಮುದ್ರದಲ್ಲಿ ಸತ್ತವರು, ಕಾಣೆಯಾದವರು 30 ಸಾವಿರಕ್ಕೂ ಹೆಚ್ಚು.

2025ರ ಏಪ್ರಿಲ್‌ನಲ್ಲಿ ದೈವಾಧೀನರಾದ ಈ ಜಗದ್ಗುರುಗಳಿಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಅವರ ಅಜ್ಜ ಅಜ್ಜಿ ಇಟಲಿಯಿಂದ ಅರ್ಜೆಂಟೀನಾಕ್ಕೆ ಹೋಗಲು 'ಪ್ರಿಂಚಿಪೆಸ್ಸಾ ಮಫಾಲ್ದಾ' ಹಡಗಿಗೆ ಟಿಕೇಟು ಕೊಂಡಿದ್ದರು. ಆಸ್ತಿ ಹೊತ್ತಿಗೆ ಸರಿಯಾಗಿ ಮಾರಾಟವಾಗದೆ ಪ್ರಯಾಣ ತಪ್ಪಿತು. 1927ರ ಅಕ್ಟೋಬರ್‌ನಲ್ಲಿ ಆ ಹಡಗು ಬ್ರೆಜಿಲ್ ಕರಾವಳಿಯ ಬಳಿ ಮುಳುಗಿ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಮಗನೊಂದಿಗೆ ಅವರು ಹೋದದ್ದು 1929ರಲ್ಲಿ.

ಹಾಗಾದರೆ ದೇಶಕ್ಕೆ ಗಡಿಯೇ ಬೇಡವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇದಕ್ಕೆ ಉತ್ತರ ಕೊಟ್ಟಿದೆ. ಅನುಕೂಲವಂತ ದೇಶಗಳು ತಮ್ಮ ಶಕ್ತಿ ಇರುವಷ್ಟು ಪರದೇಶಿಯನ್ನು ಸ್ವಾಗತಿಸಬೇಕು. ಸರಕಾರ ಷರತ್ತು ವಿಧಿಸಬಹುದು. ಬಂದವನು ಆ ನಾಡಿನ ಕಾನೂನನ್ನು ಪಾಲಿಸಬೇಕು. ಎಷ್ಟು ಜನ ಎಂಬ ಲೆಕ್ಕ ಸರಕಾರಗಳದು. ಆದರೆ ಮುಳುಗುತ್ತಿರುವ ಮಗುವಿನ ಮುಂದೆ ನಿಂತು ಲೆಕ್ಕ ಮಾಡುವುದನ್ನು ಯಾವ ಧರ್ಮೋಪದೇಶವೂ ಒಪ್ಪುವುದಿಲ್ಲ.

ನಮ್ಮ ಕರಾವಳಿಯ ಹಿರಿಯರಿಗೆ 1990 ನೆನಪಿರಬಹುದು. ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ, ಅಲ್ಲಿ ದುಡಿಯುತ್ತಿದ್ದ ಮಂಗಳೂರು, ಉಡುಪಿ ಕಡೆಯವರೂ ಕೆಲಸ, ಉಳಿತಾಯ ಎಲ್ಲ ಬಿಟ್ಟು ಓಡಬೇಕಾಯಿತು. ಮರಳುಗಾಡಿನ ಡೇರೆಗಳಲ್ಲಿ ಕಾದ ಅವರಿಗೆ, ತಾನೇ ಕಷ್ಟದಲ್ಲಿದ್ದ ಜೋರ್ಡಾನ್ ಬಾಗಿಲು ತೆರೆಯಿತು. ಅಮ್ಮಾನಿನಿಂದ ವಿಮಾನಗಳಲ್ಲಿ ತಾಯ್ನಾಡಿಗೆ ಮರಳಿದ ಭಾರತೀಯರು ಸುಮಾರು 1,70,000. ಅವರೂ ಕೆಲವು ವಾರ ನಿರಾಶ್ರಿತರೇ. ಕೊಲ್ಲಿಯ ಹಣದಲ್ಲಿ ಎದ್ದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ!

ಇಂದು ನಮ್ಮ ಕಾಫಿ ತೋಟಗಳಿಗೆ, ಕಟ್ಟಡದ ಕೆಲಸಕ್ಕೆ ಜಾರ್ಖಂಡ್, ಒಡಿಶಾ, ಅಸ್ಸಾಂಗಳಿಂದ ಜನ ಬರುತ್ತಿದ್ದಾರೆ. ಪರದೇಶದವರಲ್ಲ, ನಮ್ಮ ದೇಶದವರೇ. ಅವರಲ್ಲಿ ಕಥೋಲಿಕರೂ ಇದ್ದಾರೆ. ಭಾನುವಾರ ಕೊನೆಯ ಬೆಂಚಿನಲ್ಲಿ ಕುಳಿತು, ಕನ್ನಡದ ಪ್ರಾರ್ಥನೆ ತಿಳಿಯದಿದ್ದರೂ ಎಲ್ಲರೊಡನೆ ಮೊಣಕಾಲೂರಿ, ಪರಮಪ್ರಸಾದ ಸ್ವೀಕರಿಸಿ ಸದ್ದಿಲ್ಲದೆ ಹೋಗಿಬಿಡುತ್ತಾರೆ. ಮುಂದಿನ ಭಾನುವಾರ ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಹೆಸರು ಕೇಳಿ, ಊರು ಕೇಳಿ. ಕೂಲಿ ಸರಿಯಾಗಿ ಸಿಗುತ್ತಿದೆಯೇ ಎಂದೂ ಕೇಳಿ. ಕೊಡಬೇಕಾದವರು ಮುಂದಿನ ಬೆಂಚಿನಲ್ಲೇ ಇರಬಹುದು.