ಸೋಽಯಂ ಕಮೊಡೋರ್

ಅಟ್ಟದ ಮೇಲೆ ಕಮೊಡೋರ್ 64 ಸಿಕ್ಕಿತು ಎಂದು ಯಾರಾದರೂ ಹಿಗ್ಗುತ್ತ ಬಂದರೆ ಹಳೆ ಕಂಪ್ಯೂಟರುಗಳ ಕ್ಲಬ್ಬಿನವರು ಮೊದಲು ಹೇಳುವ ಮಾತು ಒಂದೇ: ಅದರ ಜೊತೆ ಬಂದ ಪವರ್ ಸಪ್ಲೈಯನ್ನು ಮಾತ್ರ ಪ್ಲಗ್ಗಿಗೆ ಹಾಕಬೇಡಿ. 1982ರಲ್ಲಿ 595 ಡಾಲರಿಗೆ ಮಾರುಕಟ್ಟೆಗೆ ಬಂದ ಈ ಯಂತ್ರದ ಪವರ್ ಸಪ್ಲೈ ಇಟ್ಟಿಗೆಯ ಗಾತ್ರದ್ದು, ಬಹುಪಾಲು ಮಾದರಿಗಳಲ್ಲಿ ಒಳಗೆಲ್ಲ ಎಪಾಕ್ಸಿ ಸುರಿದು ಮುಚ್ಚಿದ್ದು. ಬಿಚ್ಚಿ ರಿಪೇರಿ ಮಾಡುವ ಹಾಗಿಲ್ಲ. ಅದರ ರೆಗ್ಯುಲೇಟರ್ ಮುದಿಯಾಗಿ ಕೈಕೊಟ್ಟರೆ 5 ವೋಲ್ಟ್ ಬರಬೇಕಾದ ಕಡೆ ಅದಕ್ಕಿಂತ ಹೆಚ್ಚು ನುಗ್ಗಿ ಮೆಮೊರಿ ಚಿಪ್ಪುಗಳು ಸುಟ್ಟುಹೋಗುತ್ತವೆ. ಹೀಗಾಗಿ ಕಮೊಡೋರನ್ನು ಉಳಿಸುವ ಕೆಲಸ ಶುರುವಾಗುವುದೇ ಅದರ ಒಂದು ಅಸಲಿ ಅಂಗವನ್ನು ಕಸದ ಬುಟ್ಟಿಗೆ ಎಸೆಯುವುದರಿಂದ.

ಅಲ್ಲಿಗೆ ಮುಗಿಯುವುದೂ ಇಲ್ಲ. ಮುಂದಿನ ಸರದಿ ಪಿಎಲ್‌ಎ ಎಂಬ ಚಿಪ್ಪಿನದು. ಅದು ಬಿಸಿಯಾಗಿ ಸಾಯುವುದಕ್ಕೆ ಹೆಸರಾದದ್ದು. ಅದರ ಜಾಗಕ್ಕೆ ಈಗ ಹೊಸ ಬದಲಿಗಳಿವೆ. ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆಯುತ್ತಾರೆ. ಧ್ವನಿಯ ಚಿಪ್ಪಿಗೂ ಬದಲಿ ಸಿಗುತ್ತದೆ. ಇಡೀ ಸರ್ಕ್ಯೂಟ್ ಬೋರ್ಡನ್ನೇ ಹೊಸದಾಗಿ ಅಚ್ಚು ಹಾಕಿಸುವವರಿದ್ದಾರೆ. 2010ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಯಂತ್ರದ ಹೊರಕವಚದ ಹಳೆಯ ಅಚ್ಚುಗಳೇ ಸಿಕ್ಕಿ, ಅಭಿಮಾನಿಗಳು ಮುಂಗಡ ಹಣ ಕೊಟ್ಟು ಅವುಗಳಿಂದ ಹೊಸ ಕವಚಗಳನ್ನು ಎರಕ ಹೊಯ್ಯಿಸಿದರು. ಅದೇ ಅಚ್ಚು, ಬೇರೆ ಪ್ಲಾಸ್ಟಿಕ್ಕು, ನಡುವೆ ಎರಡು ದಶಕ. ಇದನ್ನು ಅಸಲಿ ಎನ್ನಬೇಕೋ ನಕಲಿ ಎನ್ನಬೇಕೋ? ಎಲ್ಲವೂ ಬದಲಾದ ಆ ಪೆಟ್ಟಿಗೆಯಲ್ಲಿ ‘ಕಮೊಡೋರ್’ ಎಂಬುದು ಇನ್ನು ಎಲ್ಲಿದೆ?

ಪ್ರಶ್ನೆ ಹಳೆಯದು. ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಅಥೆನ್ಸಿನವರು ಒಂದೊಂದಾಗಿ ಬದಲಿಸುತ್ತ ಹೋದ ಕಥೆಯನ್ನು ಪ್ಲುಟಾರ್ಕ್ ಹೇಳಿದ್ದಾನೆ. ಅದಕ್ಕೆ ಇಂಗ್ಲಿಷ್ ದಾರ್ಶನಿಕ ಹಾಬ್ಸ್ ಒಂದು ತುಂಟ ತಿರುವು ಕೊಟ್ಟ: ತೆಗೆದುಹಾಕಿದ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದು? ಕ್ಲಬ್ಬಿನ ಮೇಜಿನ ಮೇಲೆ ಇದು ಬರೀ ಊಹೆಯ ಆಟವಲ್ಲ. ಒಂದು ಕೆಟ್ಟ ಯಂತ್ರವನ್ನು ‘ದಾನಿ’ ಎಂದು ಬದಿಗಿಟ್ಟು ಅದರ ಚಿಪ್ಪುಗಳನ್ನು ಹತ್ತು ಯಂತ್ರಗಳಿಗೆ ಹಂಚುತ್ತಾರೆ. ಸತ್ತದ್ದು ಒಂದೋ, ಬದುಕಿದ್ದು ಹತ್ತೋ, ಅಥವಾ ಒಂದೇ ಹತ್ತು ಕಡೆ ಹಂಚಿಹೋಯಿತೋ ಎಂದು ಕೇಳಿದರೆ ಬೆಸುಗೆ ಹಾಕುತ್ತಿರುವವನು ತಲೆ ಎತ್ತುವುದಿಲ್ಲ.

ನಮ್ಮ ಕಡೆಯ ವಾದಗಳು ಇಲ್ಲಿ ಇನ್ನೂ ಹರಿತ. ‘ಮಿಲಿಂದಪನ್ಹ’ದಲ್ಲಿ ನಾಗಸೇನ ಭಿಕ್ಷು ಗ್ರೀಕ್ ಮೂಲದ ದೊರೆ ಮಿಲಿಂದನನ್ನು ಕೇಳುತ್ತಾನೆ: ನೀನು ಬಂದ ರಥ ಯಾವುದು? ಚಕ್ರವೋ, ಅಚ್ಚೋ, ನೊಗವೋ? ಯಾವುದೂ ಅಲ್ಲ, ಎಲ್ಲ ಕೂಡಿದಾಗ ನಾವು ಇಟ್ಟುಕೊಂಡ ವ್ಯವಹಾರದ ಹೆಸರು ಅಷ್ಟೇ ಎಂಬಲ್ಲಿಗೆ ಮಾತು ಮುಟ್ಟುತ್ತದೆ. ನೈಯಾಯಿಕರು ಒಪ್ಪಲಿಲ್ಲ. ಅವಯವಗಳಿಗಿಂತ ಬೇರೆಯಾದ ‘ಅವಯವಿ’ ನಿಜವಾಗಿಯೂ ಇದೆ, ಮಡಕೆಯನ್ನು ಎತ್ತಿದರೆ ಇಡೀ ಮಡಕೆ ಏಳುತ್ತದೆಯೇ ಹೊರತು ಅಣುಗಳ ರಾಶಿಯಲ್ಲ ಎಂದರು.

ಮಡಕೆಯ ವಿಷಯದಲ್ಲಿ ಅವರಿಗೂ ಅವರ ಸೋದರ ದರ್ಶನದವರಾದ ವೈಶೇಷಿಕರಿಗೂ ಇನ್ನೊಂದು ಜಗಳವಿತ್ತು. ಆವಿಗೆಯಲ್ಲಿ ಹಸಿ ಮಡಕೆ ಬೆಂದು ಕೆಂಪಾಗುತ್ತದಲ್ಲ, ಹೊರಬಂದದ್ದು ಅದೇ ಮಡಕೆಯೇ? ವೈಶೇಷಿಕರ ಪೀಲುಪಾಕವಾದದಂತೆ ಬೆಂಕಿಯಲ್ಲಿ ಮಡಕೆ ಅಣುಗಳವರೆಗೆ ಬಿಚ್ಚಿಹೋಗಿ, ಅಣುಗಳು ಬಣ್ಣ ಬದಲಿಸಿ, ಹೊಸ ಮಡಕೆ ಹುಟ್ಟುತ್ತದೆ. ನೈಯಾಯಿಕರ ಪಿಠರಪಾಕವಾದದಂತೆ ಮಡಕೆ ಇದ್ದ ಹಾಗೇ ಇದ್ದು ಅದರ ಬಣ್ಣ ಮಾತ್ರ ಬದಲಾಗುತ್ತದೆ. ಹಳೆಯ ಕಂಪ್ಯೂಟರುಗಳ ಪ್ಲಾಸ್ಟಿಕ್ ವರ್ಷಗಳಲ್ಲಿ ಹಳದಿಗಟ್ಟುತ್ತದೆ. ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಟ್ಟು ಮೂಲ ಬಣ್ಣ ಬರಿಸುವ ‘ರೆಟ್ರೋಬ್ರೈಟ್’ ಎಂಬ ವಿದ್ಯೆ 2008ರ ಸುಮಾರಿಗೆ ಕ್ಲಬ್ಬುಗಳಲ್ಲಿ ಹಬ್ಬಿತು. ಬೆಳ್ಳಗಾದ ಕವಚವನ್ನು ಒಂದೆರಡು ವರ್ಷ ಬಿಟ್ಟು ನೋಡಿದರೆ ಎಷ್ಟೋ ಸಲ ಮತ್ತೆ ಹಳದಿಗೆ ತಿರುಗಿರುತ್ತದೆ. ಅದರ ಮಟ್ಟಿಗೆ ನೈಯಾಯಿಕರೇ ಗೆದ್ದಂತೆ.

ವಾದವೇ ಬೇಡ, ನಡಾವಳಿ ನೋಡೋಣ ಎನ್ನುವವರಿಗೆ ದೇವಸ್ಥಾನಗಳ ಜೀರ್ಣೋದ್ಧಾರ ಇದೆ. ಕರಾವಳಿಯವರು ಇದನ್ನು ಹತ್ತಿರದಿಂದ ಕಂಡವರು. ಗರ್ಭಗುಡಿ ಬಿಚ್ಚುವ ಮುನ್ನ ಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೆ ಸೆಳೆದು ಬಾಲಾಲಯದಲ್ಲಿಟ್ಟು ಪೂಜಿಸುತ್ತಾರೆ. ಕಟ್ಟಡ ಮುಗಿದ ಮೇಲೆ ಪ್ರತಿಷ್ಠೆ, ಬ್ರಹ್ಮಕಲಶ. ಕಲ್ಲು ಹೊಸದು, ಮರ ಹೊಸದು, ದೇವರು ಅದೇ. ಇಲ್ಲಿ ಅದೇತನ ಕಲ್ಲಿನಲ್ಲಿಲ್ಲ, ಸಾನ್ನಿಧ್ಯದಲ್ಲಿದೆ. ಆ ಸಾನ್ನಿಧ್ಯವೂ ಪೂಜೆ ಒಂದು ದಿನವೂ ತಪ್ಪಬಾರದು ಎಂಬ ಕಟ್ಟಿಗೆ ಒಳಪಟ್ಟಿದೆ. ಯಂತ್ರಕ್ಕೆ ಸಾನ್ನಿಧ್ಯವಿದೆ ಎಂದು ಯಾವ ಕ್ಲಬ್ಬೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ ನಿತ್ಯದ ಬಳಕೆ ತಪ್ಪದಂತೆ ನೋಡಿಕೊಳ್ಳುವ ಹಟ ಅಲ್ಲಿ ಧಾರಾಳವಾಗಿದೆ.

ಕೆನಡಾದ ಟೊರೊಂಟೊ ಪೆಟ್ ಯೂಸರ್ಸ್ ಗ್ರೂಪನ್ನೇ ನೋಡಿ. ಕಮೊಡೋರ್ ಕಂಪನಿ 1977ರಲ್ಲಿ ಪೆಟ್ ಎಂಬ ಕಂಪ್ಯೂಟರ್ ತಂದಿತು. ಅದನ್ನು ಕೊಂಡವರು ಒಬ್ಬರಿಗೊಬ್ಬರು ಹೇಳಿಕೊಡಲು ಆ ದಶಕದ ಕೊನೆಯಲ್ಲಿ ಈ ಕೂಟ ಕಟ್ಟಿದರು. ಪೆಟ್ ಹೋಯಿತು, ವಿಕ್-20 ಬಂತು, 64 ಬಂತು, ಅಮಿಗಾ ಬಂತು. 1994ರ ಏಪ್ರಿಲ್ 29ರಂದು ಕಮೊಡೋರ್ ಕಂಪನಿಯೇ ದಿವಾಳಿಯೆದ್ದಿತು. ಕೂಟ ಮಾತ್ರ ಹಳೆಯ ಹೆಸರಿನಲ್ಲೇ ಮುಂದುವರಿಯಿತು. 1983ರಲ್ಲಿ ಶುರುವಾಗಿ ನಿಂತುಹೋಗಿದ್ದ ‘ವರ್ಲ್ಡ್ ಆಫ್ ಕಮೊಡೋರ್’ ಮೇಳವನ್ನು 2004ರಲ್ಲಿ ಮತ್ತೆ ಎಬ್ಬಿಸಿದ್ದೂ ಇದೇ ಕೂಟ. ಇದರ ಒಡನಾಡಿಯಾಗಿದ್ದ ಜಿಮ್ ಬಟರ್‌ಫೀಲ್ಡ್ ಪೆಟ್‌ನ ಮೆಮೊರಿಯ ಯಾವ ಮನೆಯಲ್ಲಿ ಏನಿದೆ ಎಂಬ ನಕ್ಷೆಯನ್ನು ತಾವೇ ಹುಡುಕಿ ಬರೆದು ಹಂಚಿದವರು. ಮೆಷಿನ್ ಭಾಷೆಯನ್ನು ಸಾಮಾನ್ಯರಿಗೆ ತಿಳಿಯುವಂತೆ ಬರೆಯುವುದರಲ್ಲಿ ಅವರಿಗೆ ಸಾಟಿಯಾದವರು ಕಡಿಮೆ. 2007ರಲ್ಲಿ ತೀರಿಕೊಂಡರು. ಸದಸ್ಯರು ಬದಲಾದರು, ಯಂತ್ರ ಬದಲಾಯಿತು, ಹೆಸರಿನಲ್ಲಿರುವ ಪೆಟ್ ಅನ್ನು ಇಂದು ಬಳಸುವವರು ವಿರಳ. ನಾಗಸೇನ ಬಂದಿದ್ದರೆ ರಥವನ್ನು ಬಿಟ್ಟು ಈ ಕೂಟವನ್ನೇ ಉದಾಹರಣೆಗೆ ಎತ್ತಿಕೊಳ್ಳುತ್ತಿದ್ದನೇನೋ.

ಇನ್ನು ಧ್ವನಿಯ ಸಂಗತಿ. ಈ ಯಂತ್ರದ ಬಗ್ಗೆ ಬಿಸಿಬಿಸಿ ವಾದ ಹುಟ್ಟುವುದು ಇಲ್ಲೇ, ಅದಕ್ಕೆ ಕಾರಣವೂ ಇದೆ.

ಬಾಬ್ ಯಾನಸ್ ರೂಪಿಸಿದ ಸಿಡ್ ಎಂಬ ಚಿಪ್ 64ರ ಕಂಠ. ಅದಕ್ಕೆ ಮೂರು ಸ್ವರವಾಹಿನಿಗಳಿದ್ದವು, ಧ್ವನಿಯನ್ನು ಸೋಸುವ ಒಂದು ಫಿಲ್ಟರ್ ಇತ್ತು. 6581 ಎಂಬ ಮೊದಲ ಆವೃತ್ತಿಯಲ್ಲಿ ಒಂದು ದೋಷವೂ ಇತ್ತು: ವಾಲ್ಯೂಮ್ ಬದಲಿಸಿದಾಗಲೆಲ್ಲ ಟಿಕ್ಕೆಂದು ಸದ್ದು. ಪ್ರೋಗ್ರಾಮರುಗಳು ಅದನ್ನೇ ಹಿಡಿದುಕೊಂಡರು. ವಾಲ್ಯೂಮನ್ನು ಸೆಕೆಂಡಿಗೆ ಸಾವಿರಾರು ಸಲ ಬದಲಿಸಿ ಆ ಟಿಕ್ಕುಗಳಿಂದಲೇ ಮನುಷ್ಯನ ಮಾತು, ಡ್ರಮ್ಮಿನ ಪೆಟ್ಟು ಹೊರಡಿಸಿದರು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ 8580 ಎಂಬ ಸುಧಾರಿತ ಆವೃತ್ತಿ ಬಂತು. ದೋಷ ಬಹುಮಟ್ಟಿಗೆ ಹೋಯಿತು, ಅದರೊಂದಿಗೆ ಮಾತೂ ಡ್ರಮ್ಮೂ ಪಿಸುಗುಟ್ಟುವ ಮಟ್ಟಕ್ಕಿಳಿದವು. ಈಗಿನ ಹವ್ಯಾಸಿಗಳು ಏನು ಮಾಡುತ್ತಾರೆ? ಹೊಸ ಚಿಪ್ಪಿಗೆ ಒಂದು ರೆಸಿಸ್ಟರ್ ಬೆಸೆದು ಹಳೆಯ ದೋಷವನ್ನು ವಾಪಸು ತರಿಸುತ್ತಾರೆ! ತಯಾರಕರು ತಪ್ಪು ಎಂದದ್ದು ಬಳಕೆದಾರರಿಗೆ ಸ್ವರೂಪವಾಗಿಬಿಟ್ಟಿದೆ.

ಇದಕ್ಕಿಂತ ಕಗ್ಗಂಟು ಫಿಲ್ಟರಿನದು. 6581ರ ಫಿಲ್ಟರ್ ಚಿಪ್ಪಿನಿಂದ ಚಿಪ್ಪಿಗೆ ಬೇರೆ. ಒಬ್ಬ ಸಂಗೀತಗಾರ ತನ್ನ ಯಂತ್ರದ ಚಿಪ್ಪನ್ನು ಕೇಳುತ್ತ ಕಟ್ಟಿದ ರಾಗ ಗೆಳೆಯನ ಯಂತ್ರದಲ್ಲಿ ಮಂಕಾಗಿ ಕೇಳಬಹುದು. ಹಾಗಾದರೆ ಯಾವುದು ‘ಸರಿ’? ಈ ಚಿಪ್ಪಿಗಾಗಿ ಬರೆದ ಸಂಗೀತವನ್ನೆಲ್ಲ ಕೂಡಿಡುವ ‘ಹೈ ವೋಲ್ಟೇಜ್ ಸಿಡ್ ಕಲೆಕ್ಷನ್’ನಲ್ಲಿ 50 ಸಾವಿರಕ್ಕೂ ಹೆಚ್ಚು ಕೃತಿಗಳಿವೆ. ಅದರ ಕಡತದ ತಲೆಬರಹದಲ್ಲಿ ಎರಡು ಬಿಟ್‌ಗಳು ಕೃತಿಯನ್ನು ಯಾವ ಚಿಪ್ಪಿನಲ್ಲಿ ಕೇಳಬೇಕೆಂದು ಹೇಳಲಿಕ್ಕೇ ಮೀಸಲು. ಎರಡು ಬಿಟ್ ಎಂದರೆ ನಾಲ್ಕು ಉತ್ತರ: 6581, 8580, ಎರಡೂ ಆದೀತು, ಗೊತ್ತಿಲ್ಲ. ಇದೆ, ಇಲ್ಲ, ಎರಡೂ ಹೌದು, ಎರಡೂ ಅಲ್ಲ ಎಂದು ಬೌದ್ಧ ದಾರ್ಶನಿಕ ನಾಗಾರ್ಜುನ ನಾಲ್ಕು ಕೋಟಿಗಳಲ್ಲಿ ಇಟ್ಟು ನಾಲ್ಕನ್ನೂ ತಳ್ಳಿಹಾಕಿದ್ದ. ಸಂಗ್ರಹಕಾರರು ಅಷ್ಟು ನಿಷ್ಠುರರಲ್ಲ, ಒಂದನ್ನು ಆರಿಸಿಕೊಂಡು ಮುಂದೆ ಹೋಗುತ್ತಾರೆ.

ಹೀಗಿರುವಾಗ ಎಮ್ಯುಲೇಟರನ್ನು, ಅಂದರೆ ಇಂದಿನ ಕಂಪ್ಯೂಟರಿನಲ್ಲಿ ಹಳೆಯದರಂತೆ ನಡೆದುಕೊಳ್ಳುವ ತಂತ್ರಾಂಶವನ್ನು, ‘ಬರೀ ನಕಲು’ ಎಂದು ಮೂಗು ಮುರಿಯುವವರ ವಾದ ಅರ್ಧ ಮಾತ್ರ ನಿಲ್ಲುತ್ತದೆ. ಎರಡು ಅಸಲಿ ಯಂತ್ರಗಳೇ ಒಂದರಂತೆ ಒಂದು ಹಾಡದಿದ್ದಾಗ ಯಾವುದಕ್ಕೆ ಹೋಲಿಸಿ ನಕಲು ಎನ್ನುವುದು? ಹೆಸರು ಕೂಡ ಆಸರೆಯಲ್ಲ. 1984-85ರಲ್ಲಿ ‘ಕ್ಲಾಸ್’ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೋ. ಅದನ್ನೇ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಪರವಾನಗಿ ಪಡೆದು ಎಸ್‌ಸಿಎಲ್ ಯೂನಿಕಾರ್ನ್ ಎಂದು ಮಾಡಿತು. ಯಂತ್ರ ಒಂದು, ಹೆಸರು ಎರಡು. 2025ರಲ್ಲಿ ಇದು ತಿರುವುಮುರುವಾಯಿತು. ಅಭಿಮಾನಿಗಳ ಗುಂಪೊಂದು ಕಮೊಡೋರ್ ಹೆಸರನ್ನು ಕೊಂಡುಕೊಂಡು, ಹಳೆಯ ಚಿಪ್ಪುಗಳ ನಡೆಯನ್ನು ಎಫ್‌ಪಿಜಿಎ ಎಂಬ ಹೊಸ ಚಿಪ್ಪಿನಲ್ಲಿ ಮೂಡಿಸಿದ 64 ಒಂದನ್ನು ಘೋಷಿಸಿತು. ಹೆಸರು ಒಂದು, ಯಂತ್ರ ಎರಡು.

ವಸ್ತುವಿನಲ್ಲೂ ಅದೇತನ ನಿಲ್ಲದು, ಹೆಸರಿನಲ್ಲೂ ನಿಲ್ಲದು. ಎಲ್ಲಿ ನಿಲ್ಲಬಹುದು ಎಂಬುದಕ್ಕೆ ಪಿಟ್ಸ್‌ಬರ್ಗಿನ ಒಂದು ಪ್ರಸಂಗ ದಾರಿ ತೋರುತ್ತದೆ. 1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಅಮಿಗಾ ಕಂಪ್ಯೂಟರ್ ಬಿಡುಗಡೆಯಾದಾಗ ಚಿತ್ರಕಾರ ಆಂಡಿ ವಾರ್‌ಹೋಲ್ ವೇದಿಕೆಯ ಮೇಲೇ ಗಾಯಕಿ ಡೆಬ್ಬಿ ಹ್ಯಾರಿಯ ಚಿತ್ರವನ್ನು ಅದರಲ್ಲಿ ಬಿಡಿಸಿ ತೋರಿಸಿದ. ಆಮೇಲೆ ತನ್ನಷ್ಟಕ್ಕೆ ಇನ್ನೂ ಕೆಲವು ಬಿಡಿಸಿದ. 1987ರಲ್ಲಿ ತೀರಿಕೊಂಡ. ಅವನ ಫ್ಲಾಪಿಗಳು ಪಿಟ್ಸ್‌ಬರ್ಗಿನ ವಾರ್‌ಹೋಲ್ ಮ್ಯೂಸಿಯಮ್ಮಿನಲ್ಲಿ ಭದ್ರವಾಗಿ ಕೂತವು, ಒಳಗೇನಿದೆ ಎಂದು ನೋಡುವ ದಾರಿ ಮಾತ್ರ ಇರಲಿಲ್ಲ. ಕಲಾವಿದ ಕೋರಿ ಆರ್ಕೇಂಜೆಲ್ ಆಸಕ್ತಿಯಿಂದ ಕೆದಕಿದ ಮೇಲೆ ಕೆಲಸ ಅದೇ ಊರಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಂಪ್ಯೂಟರ್ ಕ್ಲಬ್ಬಿಗೆ ಬಂತು. ಹಳತಾದ ಯಂತ್ರಗಳನ್ನು ಗುಡ್ಡೆ ಹಾಕಿಕೊಂಡು ಅವುಗಳೊಂದಿಗೆ ಗುದ್ದಾಡುವುದೇ ಈ ಹುಡುಗರ ಹವ್ಯಾಸ. ಫ್ಲಾಪಿಯ ಕಾಂತಗುರುತುಗಳನ್ನು ನೇರವಾಗಿ ದಾಖಲಿಸಿಕೊಂಡರು. ಬಿಡುಗಡೆಗೆ ಮುಂಚಿನ ತಂತ್ರಾಂಶದಲ್ಲಿ ಬಿಡಿಸಿದ್ದರಿಂದ ಚಿತ್ರಗಳ ಕಡತದ ಬಗೆ ಯಾರಿಗೂ ಪರಿಚಯವಿರಲಿಲ್ಲ, ಅದನ್ನೂ ಬಿಡಿಸಿಕೊಂಡರು. 2014ರಲ್ಲಿ ಸೂಪಿನ ಡಬ್ಬಿ, ಮೂರು ಕಣ್ಣಿನ ವೀನಸ್, ವಾರ್‌ಹೋಲ್‌ನ ಸ್ವಚಿತ್ರ ಎಲ್ಲ ಹೊರಬಂದವು.

ಇಷ್ಟು ವರ್ಷ ವಸ್ತು ಇದ್ದೇ ಇತ್ತು. ಮ್ಯೂಸಿಯಮ್ ತನ್ನ ಕರ್ತವ್ಯವನ್ನು ನೆಟ್ಟಗೆ ಮಾಡಿತ್ತು. ಕೊರತೆಯಾಗಿದ್ದು ಓದಬಲ್ಲವರದು, ಅದನ್ನು ತುಂಬಿದ್ದು ಹುಡುಗರ ಕ್ಲಬ್ಬು.

ವೇದಾಂತಿಗಳ ದೇವದತ್ತನನ್ನು ಇಲ್ಲಿ ಕರೆಯಲೇಬೇಕು. ಹಿಂದೆಂದೋ ಬೇರೆ ಊರಿನಲ್ಲಿ ಕಂಡವನನ್ನು ಇಂದು ಇಲ್ಲಿ ಕಂಡು ‘ಸೋಽಯಂ ದೇವದತ್ತಃ’, ಆ ದೇವದತ್ತನೇ ಇವನು, ಎನ್ನುತ್ತೇವೆ. ಅಂದಿನ ಕಾಲ ಹೋಯಿತು, ಊರು ಬೇರೆ, ಮೈ ಬೇರೆ. ಅವನ್ನೆಲ್ಲ ಕಳಚಿ ಉಳಿದದ್ದನ್ನು ಒಂದೆಂದು ಗುರುತಿಸುತ್ತೇವೆ. ಇದೇ ಪ್ರತ್ಯಭಿಜ್ಞೆ. ಬೌದ್ಧರು ಇದನ್ನೂ ಬಿಡಲಿಲ್ಲ: ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನೂ ‘ಅದೇ ಕೂದಲು’ ಎನ್ನುತ್ತೀರಲ್ಲ, ಗುರುತಿಸಿದ ಮಾತ್ರಕ್ಕೆ ಒಂದಾಯಿತೇ ಎಂದು ಕೇಳಿದರು. ಹೊಸ ಕೆಪಾಸಿಟರುಗಳ ಮುಂದೆ ಈ ಆಕ್ಷೇಪ ಬಲವಾಗಿಯೇ ಇದೆ. ಆದರೆ ಯಾರು ಗೆದ್ದರೂ ಒಂದು ಷರತ್ತು ತಪ್ಪುವುದಿಲ್ಲ. ‘ಅದೇ ಇದು’ ಎನ್ನಲು ಅದನ್ನು ಕಂಡವರೊಬ್ಬರು ಬೇಕು. 6581 ಹೇಗೆ ಗೊರಗೊರ ಎನ್ನಬೇಕು, ಕ್ಯಾಸೆಟ್ಟಿನಿಂದ ಆಟವೊಂದು ಲೋಡಾಗಲು ಎಷ್ಟು ಹೊತ್ತು ಕಾಯಬೇಕು ಎಂದು ಬಲ್ಲ ಕಿವಿ, ಕೈ ಇರುವವರೆಗೆ ಬದಲಿ ಚಿಪ್ಪು ಸರಿಯೋ ತಪ್ಪೋ ಎಂಬ ಮಾತಿಗೆ ಅರ್ಥವಿದೆ. ಕ್ಲಬ್ಬುಗಳು ಮುಖ್ಯವಾಗಿ ಕಾಪಾಡುತ್ತಿರುವುದು ಈ ಗುರುತು ಹಿಡಿಯುವ ಶಕ್ತಿಯನ್ನು. ಪ್ಲಾಸ್ಟಿಕ್ಕು, ತಾಮ್ರ ಅದಕ್ಕೆ ನೆಪ ಎಂದರೂ ಹೆಚ್ಚಲ್ಲ.

ಹಾಗಿದ್ದರೆ ಎಂಬತ್ತರ ದಶಕದ ಮಕ್ಕಳು ತೀರಿಕೊಂಡ ಮೇಲೆ? ಅವರೀಗ ಐವತ್ತು ದಾಟುತ್ತಿದ್ದಾರೆ. ಇದಕ್ಕೆ ಯುರೋಪಿನಲ್ಲಿ ಒಂದು ಬಗೆಯ ಉತ್ತರ ತಯಾರಾಗುತ್ತಿದೆ. 64, ಅಮಿಗಾದಂಥ ಯಂತ್ರಗಳಿಗೆ ಹೊಸದಾಗಿ ಚಿತ್ರ, ಸಂಗೀತ, ಚಲನೆಗಳ ಪುಟ್ಟ ಕಾರ್ಯಕ್ರಮಗಳನ್ನು ಬರೆದು ಮೇಳಗಳಲ್ಲಿ ಪೈಪೋಟಿಗಿಡುವ ಕಲೆಗೆ ಡೆಮೋಸೀನ್ ಎನ್ನುತ್ತಾರೆ. ಫಿನ್ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ಇದನ್ನು ತಮ್ಮ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿದವು. ಪಟ್ಟಿಗೆ ಸೇರಿದ್ದು ಯಾವ ಯಂತ್ರವೂ ಅಲ್ಲ, ಅದರ ಮೇಲೆ ಮಾಡುವ ಕೆಲಸ. ಈ ಮೇಳಗಳಿಗೆ ಬರುವವರಲ್ಲಿ 64ರ ತಯಾರಿಕೆ ನಿಂತ ಮೇಲೆ ಹುಟ್ಟಿದವರೂ ಇದ್ದಾರೆ. ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ ಬರೆದು, ಪೈಪೋಟಿಯ ಹೊತ್ತಿಗೆ ಅಸಲಿ ಯಂತ್ರದಲ್ಲಿ ಓಡಿಸಿದಾಗ ಬಣ್ಣ ಒಂದು ಗೆರೆ ಆಚೀಚೆ ಬಿದ್ದರೆ ಎಮ್ಯುಲೇಟರ್ ಬರೆದವರಿಗೆ ದೂರು ಹೋಗುತ್ತದೆ, ಮುಂದಿನ ಆವೃತ್ತಿಯಲ್ಲಿ ಅದು ಸರಿಯಾಗುತ್ತದೆ. ಹಳೆಯ ಯಂತ್ರವನ್ನು ಬಾಲ್ಯದಲ್ಲಿ ಕಾಣದ ಹುಡುಗಿ ಹೀಗೆ ಅದರ ನಡೆಯ ಬಗ್ಗೆ ಸಾಕ್ಷಿ ಹೇಳತೊಡಗುತ್ತಾಳೆ, ಹಿರಿಯರು ಆ ಸಾಕ್ಷಿಯನ್ನು ತಮ್ಮ ಯಂತ್ರಗಳ ಮೇಲೆ ಪರೀಕ್ಷಿಸಿ ಒಪ್ಪುತ್ತಾರೆ, ಇಲ್ಲವೇ ಜಗಳಕ್ಕೆ ಕೂರುತ್ತಾರೆ.